ನೀರು ಹೇಳಿದ ಹೊತ್ತಿಗೆ



ಜೂನ್ ಮೊದಲ ತಾರೀಕು ಬಂತೆಂದರೆ ನಮ್ಮ ಕರಾವಳಿಯಲ್ಲಿ ಮೀನುಗಾರಿಕೆಯ ಬೋಟುಗಳು ದಕ್ಕೆಗೆ ಬಂದು ನಿಲ್ಲುತ್ತವೆ. ಜುಲೈ ಮುಗಿಯುವವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ, ತದಡಿ, ಎಲ್ಲಿ ಹೋದರೂ ಒಂದಕ್ಕೊಂದು ತಾಗಿಕೊಂಡ ಬೋಟುಗಳ ಸಾಲು. ಅಳಿವೆಯಾಚೆಗೆ ಮಳೆಗಾಲದ ಕಡಲಿನ ಮೊರೆತ.

ಅದೇ ಎರಡು ತಿಂಗಳು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಬೇಸಿಗೆ. ಅಲ್ಲಿ ಅದು ದೋಣಿ ನೀರಿಗಿಳಿಸುವ ಕಾಲ. ಬೆಳಿಗ್ಗೆ ಐದಕ್ಕೆಲ್ಲ ಬೆಳಕು. ರಾತ್ರಿ ಒಂಬತ್ತು ದಾಟಿದರೂ ಕತ್ತಲಿಲ್ಲ. ಹದಿನಾರು ಗಂಟೆಗಳ ಹಗಲು. ಆ ದಿನಗಳಲ್ಲಿ ಸಾವಿರಾರು ಪುಟ್ಟ ಹಾಯಿದೋಣಿಗಳು ತೀರವನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡು ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸಾಗುತ್ತವೆ. ಕೆಲಸದ ಮೇಲೆ ಅಲ್ಲಿದ್ದ ವರ್ಷಗಳಲ್ಲಿ ಗೆಳೆಯರೊಬ್ಬರ ದೋಣಿಯಲ್ಲಿ ಹಾಗೆ ತಿರುಗುವ ಭಾಗ್ಯ ನನಗೆ ಸಿಕ್ಕಿತು. ಇವತ್ತು ಆ ತೀರಯಾನದ ಬಗ್ಗೆ ನಿಮ್ಮೊಡನೆ ಮಾತಾಡಬೇಕು.

ಸಮುದ್ರಯಾನ ಎಂದೊಡನೆ ನಮಗೆ ದೊಡ್ಡ ಸಾಹಸಗಳು ನೆನಪಾಗುತ್ತವೆ. ದಿಲೀಪ್ ದೊಂದೆ 2009–10ರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದರು. ಅಭಿಲಾಷ್ ಟಾಮಿ 2012–13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದರು. ಅವು ಮಹಾಯಾನಗಳು. ನಾನು ಹೇಳುವುದು ಸಣ್ಣ ಯಾನದ ಸಂಗತಿ. ಒಂದು ದಿನಕ್ಕೆ ನಲವತ್ತೋ ಐವತ್ತೋ ಕಿಲೋಮೀಟರ್. ರಾತ್ರಿಗೆ ಒಂದು ಬಂದರು, ಇಲ್ಲವೇ ಒಂದು ಕೊಲ್ಲಿ. ಬೆಳಗಾದರೆ ಮತ್ತೆ ಮುಂದಕ್ಕೆ.

ಮೊದಲು ದೋಣಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಿ. ಯಾಟ್ ಎಂದರೆ ಸಿನಿಮಾದಲ್ಲಿ ಕಾಣುವ ಸಿರಿವಂತರ ಬಿಳಿ ಹಡಗನ್ನು ನೆನೆಯಬೇಡಿ. ನಮ್ಮ ದೋಣಿಯ ಉದ್ದ ಎಂಟು ಮೀಟರ್ ಚಿಲ್ಲರೆ. ಅಗಲ ಎರಡೂವರೆ ಮೀಟರ್. ನಡುವೆ ಒಂದು ಹಾಯಿಕಂಬ, ಎರಡು ಹಾಯಿ. ಹಿಂಬದಿಯಲ್ಲಿ ತೆರೆದ ಜಾಗ, ಅಲ್ಲಿ ಚುಕ್ಕಾಣಿ. ಮೂರು ಮೆಟ್ಟಿಲು ಇಳಿದರೆ ಒಳಗೆ ಪುಟ್ಟ ಕೋಣೆ. ಸ್ವಲ್ಪ ಎತ್ತರದವರು ತಲೆ ಬಗ್ಗಿಸಿಯೇ ನಿಲ್ಲಬೇಕು. ನಾಲ್ಕು ಮಂದಿ ಮಲಗುವಷ್ಟು ಹಲಗೆ ಮಂಚ. ಒಂದು ಗ್ಯಾಸ್ ಒಲೆ. ದೋಣಿ ಎಷ್ಟೇ ವಾಲಿದರೂ ಆ ಒಲೆ ತೂಗಾಡಿಕೊಂಡು ಮಟ್ಟವಾಗಿಯೇ ಇರುತ್ತದೆ, ಚಹದ ಪಾತ್ರೆ ಮಗುಚುವುದಿಲ್ಲ. ನಕಾಶೆ ಹರಡಲು ಒಂದು ಮೇಜು. ನೀರಿನಡಿಯಲ್ಲಿ ದೋಣಿಗೆ ಕೀಲ್ ಎಂಬ ಭಾರದ ರೆಕ್ಕೆ ಇದೆ. ಸೀಸದ್ದೋ ಬೀಡುಕಬ್ಬಿಣದ್ದೋ. ಒಟ್ಟು ತೂಕದ ಮೂರರಲ್ಲೊಂದು ಪಾಲು ಅಲ್ಲೇ. ಗಾಳಿ ದೋಣಿಯನ್ನು ವಾಲಿಸಿದರೆ ಈ ಭಾರ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆ. ಆದರೆ ಇದೇ ಕೀಲ್‌ನಿಂದಾಗಿ ದೋಣಿ ತೇಲಲು ಒಂದೂವರೆ ಮೀಟರ್ ಆಳದ ನೀರು ಬೇಕು. ಈ ಒಂದೂವರೆ ಮೀಟರನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇಂಥ ದೋಣಿಯ ಒಡೆಯರು ಯಾರು? ನಾನು ಕಂಡವರಲ್ಲಿ ಶಾಲೆಯ ಮೇಷ್ಟ್ರು ಇದ್ದರು, ಅಂಚೆ ಕಚೇರಿಯಲ್ಲಿದ್ದವರು ಇದ್ದರು, ನಿವೃತ್ತ ದಾದಿಯೊಬ್ಬರಿದ್ದರು. ಮೂವತ್ತು ನಲವತ್ತು ವರ್ಷ ಹಳೆಯ ದೋಣಿ. ಚಳಿಗಾಲದಲ್ಲಿ ತಾವೇ ತಳ ಕೆರೆದು ಬಣ್ಣ ಹೊಡೆಯುತ್ತಾರೆ. ಬೇಸಿಗೆಯಲ್ಲಿ ಹದಿನೈದು ದಿನ ರಜೆ ಹಾಕಿ ಹೊರಡುತ್ತಾರೆ.

ಅವರಿಂದ ನಾನು ಕಲಿತದ್ದು ಒಂದೇ ಪಾಠ. ಸಣ್ಣ ಹಾಯಿದೋಣಿಯಲ್ಲಿ ಹೊರಡುವ ಹೊತ್ತನ್ನು ಗೊತ್ತುಮಾಡುವವರು ನಾವಲ್ಲ. ಅದನ್ನು ಹೇಳುವುದು ನೀರು ಮತ್ತು ಗಾಳಿ. ನೀರು ಹೇಳಿದ ಹೊತ್ತಿಗೆ ಹೊರಡಬೇಕು. ಅದು ನಿಲ್ಲು ಎಂದರೆ ನಿಲ್ಲಬೇಕು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಭರತ ಮತ್ತು ಇಳಿತ.

ಕರಾವಳಿಯ ಕೇಳುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಎರಡು ಮಾತು. ಚಂದ್ರ ಮತ್ತು ಸೂರ್ಯನ ಸೆಳೆತದಿಂದ ಕಡಲ ನೀರು ಸುಮಾರು ಆರು ಗಂಟೆ ಏರುತ್ತದೆ, ಸುಮಾರು ಆರು ಗಂಟೆ ಇಳಿಯುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಈ ಹೊತ್ತು ಪ್ರತಿದಿನ ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಏರಿಳಿತ ಅತಿ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಅತಿ ಕಡಿಮೆ.

ಮಂಗಳೂರು, ಕಾರವಾರಗಳಲ್ಲಿ ಈ ಏರಿಳಿತದ ಅಂತರ ಒಂದೂವರೆ, ಹೆಚ್ಚೆಂದರೆ ಎರಡು ಮೀಟರ್. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ಮುಟ್ಟುತ್ತದೆ. ಇಂಗ್ಲಿಷ್ ಕಡಲ್ಗಾಲುವೆಯ ಫ್ರೆಂಚ್ ದಡದಲ್ಲಿ ಸೇಂಟ್ ಮಾಲೋ ಎಂಬ ಊರಿದೆ. ಅಲ್ಲಿ ದೊಡ್ಡ ಭರತದ ದಿನ ನೀರು ಹನ್ನೆರಡು ಮೀಟರ್ ಏರಿಳಿಯುತ್ತದೆ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಮಕ್ಕಳು ಮರಳಲ್ಲಿ ಆಡುತ್ತಿರುತ್ತಾರೆ. ಆ ಊರಿನ ಪಕ್ಕದ ರಾನ್ಸ್ ನದಿಯ ಅಳಿವೆಗೆ ಅಡ್ಡಗಟ್ಟೆ ಕಟ್ಟಿ, ಭರತ ಇಳಿತದ ಬಲದಿಂದಲೇ 1966ರಿಂದ ವಿದ್ಯುತ್ ತೆಗೆಯುತ್ತಿದ್ದಾರೆ. 240 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಅದು.

ನೀರು ಒಂದೇ ಸಮನೆ ಏರುವುದಿಲ್ಲ. ಅದಕ್ಕೊಂದು ಲೆಕ್ಕ ಇದೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು ಏರುತ್ತದೆ. ಎರಡನೆಯ ಗಂಟೆಯಲ್ಲಿ ಎರಡು ಪಾಲು. ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲೂ ಮೂರು. ಆಮೇಲೆ ಎರಡು. ಕೊನೆಯ ಗಂಟೆಯಲ್ಲಿ ಮತ್ತೆ ಒಂದೇ ಪಾಲು. ಸೇಂಟ್ ಮಾಲೋದ ಹನ್ನೆರಡು ಮೀಟರನ್ನು ತೆಗೆದುಕೊಂಡರೆ ಲೆಕ್ಕ ಸುಲಭ. ನಡುವಿನ ಎರಡು ಗಂಟೆಗಳಲ್ಲೇ ಆರು ಮೀಟರ್ ನೀರು ಬಂದು ತುಂಬುತ್ತದೆ. ಎಲ್ಲ ತೀರದಲ್ಲೂ ಇದು ಹೀಗೆಯೇ ಹೊಂದುವುದಿಲ್ಲ. ಆದರೂ ಕೈಬೆರಳಲ್ಲಿ ಎಣಿಸಬಹುದಾದ ಲೆಕ್ಕವಾದ್ದರಿಂದ ಎಲ್ಲ ನಾವಿಕರೂ ಇದನ್ನು ಬಾಯಿಪಾಠ ಮಾಡಿರುತ್ತಾರೆ.

ಇಷ್ಟು ನೀರಿನ ಏರಿಳಿತ. ಆದರೆ ಏರುವ ನೀರು ಎಲ್ಲಿಂದಲೋ ಹರಿದು ಬರಬೇಕಲ್ಲ? ಇಳಿಯುವ ನೀರು ಎಲ್ಲಿಗೋ ಹರಿದು ಹೋಗಬೇಕಲ್ಲ? ಆ ಹರಿವೇ ಸೆಳವು. ನಾವಿಕನಿಗೆ ಏರಿಳಿತಕ್ಕಿಂತಲೂ ಹೆಚ್ಚು ಮುಖ್ಯವಾದದ್ದು ಇದು.

ನಮ್ಮ ದೋಣಿಯ ವೇಗ ಎಷ್ಟು? ಒಳ್ಳೆಯ ಗಾಳಿ ಸಿಕ್ಕರೆ ಐದು ನಾಟ್. ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರ್. ಸೈಕಲ್ಲಿಗಿಂತ ನಿಧಾನ. ಸೆಳವು ಗಂಟೆಗೆ ಐದು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅದು ನಮ್ಮ ದಿಕ್ಕಿಗೆ ಹರಿದರೆ ಗಂಟೆಗೆ ಹದಿನಾಲ್ಕು ಕಿಲೋಮೀಟರ್ ಸಾಗುತ್ತೇವೆ. ಎದುರಾಗಿ ಹರಿದರೆ ಬರೀ ನಾಲ್ಕು. ದೋಣಿ ಅದೇ, ಹಾಯಿ ಅದೇ, ಗಾಳಿ ಅದೇ. ಹೊರಟ ಹೊತ್ತು ಮಾತ್ರ ಬೇರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದವನು ಮಧ್ಯಾಹ್ನದ ಊಟಕ್ಕೆ ಮುಂದಿನ ಬಂದರಿನಲ್ಲಿರುತ್ತಾನೆ. ಎಂಟರವರೆಗೆ ಮಲಗಿದವನು ರಾತ್ರಿಯಾದರೂ ದಾರಿಯಲ್ಲೇ ಇರುತ್ತಾನೆ.

ಇದು ಕಣ್ಣಿಗೆ ಕಟ್ಟುವ ಒಂದು ಜಾಗಕ್ಕೆ ನಿಮ್ಮನ್ನು ಕರೆದೊಯ್ಯುತ್ತೇನೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ಅದರ ಹೆಸರು ಪೋರ್ಟ್‌ಲೆಂಡ್ ಬಿಲ್. ನೀವು ಮನೆ ಕಟ್ಟಿದ್ದರೆ ಸಿಮೆಂಟ್ ಚೀಲದ ಮೇಲೆ ಪೋರ್ಟ್‌ಲೆಂಡ್ ಎಂಬ ಹೆಸರು ನೋಡಿರುತ್ತೀರಿ. ಆ ಹೆಸರು ಬಂದದ್ದು ಇಲ್ಲಿಂದಲೇ. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬಾತ ತನ್ನ ಸಿಮೆಂಟಿಗೆ ಹಕ್ಕುಪತ್ರ ಪಡೆದಾಗ, ಗಟ್ಟಿಯಾದ ಮೇಲೆ ಅದು ಈ ಊರಿನ ಕಲ್ಲನ್ನು ಹೋಲುತ್ತದೆ ಎಂದು ಆ ಹೆಸರಿಟ್ಟ. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿ ಕಟ್ಟಿದ್ದು ಇದೇ ಕಲ್ಲಿನಿಂದ.

ಈ ಪೋರ್ಟ್‌ಲೆಂಡ್ ಕಡಲಿನೊಳಕ್ಕೆ ಕೆಲವು ಕಿಲೋಮೀಟರ್ ಚಾಚಿಕೊಂಡ ಕಲ್ಲಿನ ಮೂತಿ. ತುದಿಯಲ್ಲಿ ದೀಪಸ್ತಂಭ, ಬಿಳಿ ಗೋಪುರ, ಹೊಟ್ಟೆಗೆ ಒಂದು ಕೆಂಪು ಪಟ್ಟಿ. ಮೂತಿಯ ಎರಡೂ ಬದಿಯ ಕೊಲ್ಲಿಗಳಿಂದ ನೀರು ತುದಿಯ ಕಡೆಗೆ ಹರಿಯುತ್ತದೆ. ಹನ್ನೆರಡು ಗಂಟೆಗಳಲ್ಲಿ ಒಂಬತ್ತು ಹತ್ತು ಗಂಟೆ ಹೀಗೆಯೇ. ತುದಿಯಾಚೆ ಕಡಲಡಿಯಲ್ಲಿ ಒಂದು ಕಲ್ಲಿನ ದಿಣ್ಣೆ. ಬದಿಗಳಿಂದ ಬಂದ ನೀರು, ಕಡಲ್ಗಾಲುವೆಯ ಮುಖ್ಯ ಸೆಳವು, ಅಡಿಯ ದಿಣ್ಣೆ ಮೂರೂ ಒಂದೇ ಕಡೆ ಸೇರುತ್ತವೆ. ಅಲ್ಲಿ ನೀರು ಕುದಿಯುತ್ತದೆ. ದೊಡ್ಡ ಭರತದ ದಿನ ಸೆಳವಿನ ವೇಗ ಗಂಟೆಗೆ ಹನ್ನೆರಡು ಹದಿಮೂರು ಕಿಲೋಮೀಟರ್ ದಾಟುತ್ತದೆ. ನಮ್ಮ ದೋಣಿಯ ವೇಗ ಒಂಬತ್ತು ಎಂದೆನಲ್ಲ, ಲೆಕ್ಕ ಹಾಕಿ. ಹಾಯಿ ತುಂಬಿ ಮುಂದಕ್ಕೆ ಓಡುತ್ತಿರುವಂತೆ ಕಾಣುವ ದೋಣಿ ದೀಪಸ್ತಂಭದ ಎದುರಿನಿಂದ ಹಿಂದಕ್ಕೆ ಜಾರುತ್ತಿರುತ್ತದೆ.

ಈ ಕುದಿನೀರಿಗೂ ಬಂಡೆಗೂ ನಡುವೆ ಒಂದು ಕಿರಿದಾದ ಓಣಿ ಇದೆ. ಕೆಲವೇ ನೂರು ಮೀಟರ್ ಅಗಲ. ಸರಿಯಾದ ಹೊತ್ತಿಗೆ ಹೋದರೆ ಅಲ್ಲಿ ನೀರು ಸಮ. ನಾವು ಅದರಲ್ಲಿ ಹೋದ ದಿನ ಬೆಳಗಿನ ಗಾಳಿ ಹಗುರವಾಗಿತ್ತು. ಬಲಗಡೆ ಬಂಡೆ. ಅದರ ಮೇಲೆ ಕೂತ ಗಾಳ ಹಾಕುವವರ ಮಾತು ನಮಗೆ ಕೇಳುವಷ್ಟು ಹತ್ತಿರ. ಎಡಗಡೆ ದೂರದಿಂದ ಒಂದು ಸದ್ದು. ಅಷ್ಟು ಹಗುರವಾದ ಗಾಳಿಯಲ್ಲೂ ದೊಡ್ಡ ತೆರೆಗಳು ಒಡೆಯುವ ಸದ್ದು. ಗೆಳೆಯರು ಚುಕ್ಕಾಣಿ ಹಿಡಿದು ನಿಂತಿದ್ದರು. ನಾನು ನೀರನ್ನು ನೋಡುತ್ತ ಮುಂದೆ ಕೂತಿದ್ದೆ. ಏಡಿ ಹಿಡಿಯುವ ಬುಟ್ಟಿಗಳಿಗೆ ಕಟ್ಟಿದ ತೇಲುಬುರುಡೆಗಳು ಸೆಳವಿಗೆ ಅರ್ಧ ಮುಳುಗಿ ನಡುಗುತ್ತಿದ್ದವು. ಅವುಗಳ ಹಗ್ಗ ನಮ್ಮ ಚುಕ್ಕಾಣಿಗೆ ಸಿಕ್ಕಿಕೊಳ್ಳಬಾರದು. ಎಡಕ್ಕೆ, ಬಲಕ್ಕೆ ಎಂದು ನಾನು ಕೈಮಾಡಿ ತೋರಿಸುತ್ತಿದ್ದೆ. ಕಾಲು ಗಂಟೆಯೊಳಗೆ ದೀಪಸ್ತಂಭ ಹಿಂದಾಯಿತು.

ಆ ಕಾಲು ಗಂಟೆಗಾಗಿ ಹಿಂದಿನ ಸಂಜೆ ಅವರು ಒಂದು ಗಂಟೆ ಲೆಕ್ಕ ಹಾಕಿದ್ದರು. ಭರತದ ಪಟ್ಟಿ, ಸೆಳವಿನ ನಕಾಶೆ, ಸೀಸದ ಕಡ್ಡಿ. ಬಿಲ್‌ನ ತುದಿಯಲ್ಲಿ ಸೆಳವು ತಿರುಗುವ ಹೊತ್ತಿಗೆ ನಾವು ಅಲ್ಲಿರಬೇಕು. ಅದಕ್ಕೆ ನಾವು ತಂಗಿದ್ದ ವೇಮತ್ ಬಂದರನ್ನು ಇಷ್ಟು ಗಂಟೆಗೆ ಬಿಡಬೇಕು. ಅದು ಬೆಳಗಿನ ಜಾವ ನಾಲ್ಕೂಕಾಲು ಎಂದು ಬಂದರೆ ನಾಲ್ಕೂಕಾಲೇ. ಅರ್ಧ ಗಂಟೆ ತಡವಾದರೂ ಆ ದಿನ ಬೇಡ.

ಇಲ್ಲಿಯವರೆಗೆ ಹೇಳಿದ್ದು ನೀರಿನ ಗಡಿಯಾರದ ಮಾತು. ಏರಿಳಿತಕ್ಕೆ ಒಂದು ಲೆಕ್ಕ, ಸೆಳವಿಗೆ ಒಂದು ಲೆಕ್ಕ. ಎರಡನ್ನೂ ವರ್ಷದ ಮೊದಲೇ ಪುಸ್ತಕದಲ್ಲಿ ಅಚ್ಚು ಹಾಕಿಸಬಹುದು. ಗಾಳಿಯ ಮಾತು ಹಾಗಲ್ಲ. ಅದಕ್ಕೆ ಆ ದಿನದ ಸುದ್ದಿಯೇ ಬೇಕು. ಆ ಸುದ್ದಿ ಹೇಳುವುದು ರೇಡಿಯೋ. ಈ ಮಾತು ಹೇಳುವಾಗ ನನಗೆ ವಿಶೇಷ ಸಂತೋಷ, ಏಕೆಂದರೆ ನಾನೂ ನೀವೂ ಈಗ ರೇಡಿಯೋದ ಮೂಲಕವೇ ಕೂಡಿದ್ದೇವೆ.

ಆ ಸುದ್ದಿಯ ಹಿಂದೆ ಒಂದು ದುರಂತದ ಕಥೆ ಇದೆ. 1859ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ತೀರಕ್ಕೆ ಭಾರಿ ಚಂಡಮಾರುತ ಬಡಿಯಿತು. ಆಸ್ಟ್ರೇಲಿಯಾದಿಂದ ಬರುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ಆಂಗ್ಲ್‌ಸಿ ದ್ವೀಪದ ಬಂಡೆಗೆ ಅಪ್ಪಳಿಸಿತು. ಸುಮಾರು 450 ಜನ ಸತ್ತರು. ದಡ ಕೆಲವೇ ಮೀಟರ್ ದೂರದಲ್ಲಿತ್ತು. ಆಗ ಸರ್ಕಾರದ ಹವಾಮಾನ ವಿಭಾಗದ ಮುಖ್ಯಸ್ಥ ರಾಬರ್ಟ್ ಫಿಟ್ಜ್‌ರಾಯ್. ಚಾರ್ಲ್ಸ್ ಡಾರ್ವಿನ್ ಲೋಕ ಸುತ್ತಿದ ಬೀಗಲ್ ಹಡಗಿನ ಕ್ಯಾಪ್ಟನ್ ಆಗಿದ್ದವನು. ಆತ ಹಠ ಹಿಡಿದು ಕೆಲಸ ಮಾಡಿದ. 1861ರಲ್ಲಿ ತಂತಿಯ ಮೂಲಕ ಬಂದರುಗಳಿಗೆ ಬಿರುಗಾಳಿಯ ಮುನ್ನೆಚ್ಚರಿಕೆ ಹೋಗತೊಡಗಿತು. ಅವನ ಹೆಸರನ್ನು 2002ರಲ್ಲಿ ಹವಾಮಾನ ವಾರ್ತೆಯ ಒಂದು ಕಡಲ ವಲಯಕ್ಕೆ ಇಟ್ಟರು. ಸಲ್ಲಬೇಕಾದ ಗೌರವ ಅದು.

ಬಿಬಿಸಿ 1920ರ ದಶಕದಿಂದಲೂ ನಾವಿಕರ ಹವಾಮಾನ ವಾರ್ತೆಯನ್ನು ಓದುತ್ತಿದೆ. ಬ್ರಿಟನ್ನಿನ ಸುತ್ತಲ ಕಡಲನ್ನು 31 ವಲಯಗಳಾಗಿ ಭಾಗ ಮಾಡಿದ್ದಾರೆ. ಡೋವರ್, ವೈಟ್, ಪೋರ್ಟ್‌ಲೆಂಡ್, ಪ್ಲಿಮತ್, ಹೀಗೆ ಒಂದೊಂದಕ್ಕೂ ಹೆಸರು. ಯಾವಾಗಲೂ ಅದೇ ಕ್ರಮ. ಗಾಳಿಯ ದಿಕ್ಕು ಮೊದಲು, ಬಲ ಆಮೇಲೆ, ನಂತರ ಕಡಲಿನ ಸ್ಥಿತಿ, ಮಳೆ, ಕೊನೆಗೆ ಎಷ್ಟು ದೂರ ಕಾಣುತ್ತದೆ ಎಂಬುದು. ಇಡೀ ವಾರ್ತೆ ಸುಮಾರು 350 ಪದಗಳ ಮಿತಿಯಲ್ಲಿ ಮುಗಿಯಬೇಕು. ಬಿರುಗಾಳಿ ಸದ್ಯದಲ್ಲೇ ಎಂದರೆ ಆರು ಗಂಟೆಯೊಳಗೆ. ಬೇಗ ಎಂದರೆ ಆರರಿಂದ ಹನ್ನೆರಡು ಗಂಟೆ. ಮುಂದೆ ಎಂದರೆ ಹನ್ನೆರಡು ಗಂಟೆಯ ಮೇಲೆ. ಓದುವವರು ದನಿ ಏರಿಸುವುದಿಲ್ಲ, ಅವಸರ ಮಾಡುವುದಿಲ್ಲ. ಅಲುಗಾಡುವ ದೋಣಿಯಲ್ಲಿ ಕೂತು ಕಾಗದದ ಮೇಲೆ ಗೀಚಿಕೊಳ್ಳುವವನ ಕೈ ಎಷ್ಟು ಬೇಗ ಓಡಬಲ್ಲದು ಎಂಬುದು ಅವರಿಗೆ ಗೊತ್ತು. ಭಾಷೆಯನ್ನು ಇಷ್ಟು ಜವಾಬ್ದಾರಿಯಿಂದ ಬಳಸುವ ಇನ್ನೊಂದು ಕಾರ್ಯಕ್ರಮವನ್ನು ನಾನು ಕೇಳಿಲ್ಲ. ಈಗ ಫೋನಿನಲ್ಲೇ ಎಲ್ಲ ಮುನ್ಸೂಚನೆ ಸಿಗುತ್ತದೆ. ಆದರೂ ವಾರ್ತೆಯ ಹೊತ್ತಿಗೆ ದೋಣಿಯಲ್ಲಿ ಮಾತು ನಿಲ್ಲುತ್ತದೆ.

ಗಾಳಿಯ ಬಲವನ್ನು ಅಳೆಯಲು ಬೋಫರ್ಟ್ ಎಂಬ ನೌಕಾಧಿಕಾರಿ 1805ರಲ್ಲಿ ಹಾಕಿಕೊಟ್ಟ ಮಾಪಕವೇ ಇಂದಿಗೂ ಬಳಕೆಯಲ್ಲಿದೆ. ಸೊನ್ನೆಯಿಂದ ಹನ್ನೆರಡು. ಮೂರು, ನಾಲ್ಕು ಎಂದರೆ ಸಣ್ಣ ದೋಣಿಗೆ ಹಬ್ಬ. ಐದಕ್ಕೆ ಹಾಯಿಯನ್ನು ಸ್ವಲ್ಪ ಮಡಚಿ ಕಟ್ಟಿ ಕಿರಿದು ಮಾಡಬೇಕು. ಆರು ಎಂದರೆ ನಮ್ಮಂಥವರು ಬಂದರಿನಲ್ಲೇ ಇರುವುದು ಲೇಸು. ಎಂಟು ಎಂದರೆ ಬಿರುಗಾಳಿ. ಗೆಳೆಯರದ್ದು ಇನ್ನೊಂದು ನಿಯಮವಿತ್ತು. ಹಾಯಿ ಕಿರಿದು ಮಾಡಬೇಕೇನೋ ಎಂದು ಮನಸ್ಸಿಗೆ ಬಂದ ಕ್ಷಣವೇ ಎದ್ದು ಕಿರಿದು ಮಾಡಬೇಕು. ಆಮೇಲೆ ನೋಡೋಣ ಎಂದರೆ ಗಾಳಿ ಅಷ್ಟರಲ್ಲಿ ಕೈಮೀರಿರುತ್ತದೆ.

ಹೀಗೆ ನೀರಿಗೆ ಪುಸ್ತಕ, ಗಾಳಿಗೆ ರೇಡಿಯೋ. ಇವೆರಡನ್ನೂ ಕೇಳಿಕೊಂಡು ಹೊರಟವರಿಗೆ ಅಪಾಯ ಎಲ್ಲಿರುತ್ತದೆ? ದಡ ಹತ್ತಿರವಿದ್ದಷ್ಟೂ ಕ್ಷೇಮ ಎಂದು ನಾವು ತಿಳಿಯುತ್ತೇವೆ. ಆದರೆ ಗಟ್ಟಿ ದೋಣಿಗೆ ಆಳದ ನೀರಿನಿಂದ ಅಷ್ಟು ಭಯವಿಲ್ಲ. ಬಂಡೆ, ಮರಳು ದಿಬ್ಬ, ಅಳಿವೆ, ಇವು ದೋಣಿಯನ್ನು ಒಡೆಯುತ್ತವೆ. ರಾಯಲ್ ಚಾರ್ಟರ್ ಒಡೆದದ್ದೂ ದಡದಲ್ಲೇ ಅಲ್ಲವೇ?

ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್‌ಮುಲನ್ ಎಂಬ ಲಂಡನ್ನಿನ ಷೇರು ದಲ್ಲಾಳಿ ಈ ಮಾತನ್ನು ಮಾಡಿ ತೋರಿಸಿದ. ಬಿರುಗಾಳಿ ಬಂದಾಗ ಬಂದರಿಗೆ ಓಡುವ ಬದಲು ದಡದಿಂದ ದೂರ ಹೋಗಿ, ಹಾಯಿ ಕಿರಿದು ಮಾಡಿ, ಕಾದು ನಿಲ್ಲುತ್ತಿದ್ದ. ಅವನ ಡೌನ್ ಚಾನೆಲ್ ಪುಸ್ತಕ 1869ರಲ್ಲಿ ಬಂತು. 1891ರ ಬೇಸಿಗೆಯಲ್ಲಿ ಒಬ್ಬನೇ ಕಡಲ್ಗಾಲುವೆ ದಾಟುವಾಗ ಚುಕ್ಕಾಣಿಯ ಬಳಿ ಕೂತಲ್ಲೇ ಅವನ ಹೃದಯ ನಿಂತಿತು. ದೋಣಿ ಮಾತ್ರ ಹಾಯಿ ಬಿಚ್ಚಿಕೊಂಡು ಸಾಗುತ್ತಲೇ ಇತ್ತು. ಫ್ರೆಂಚ್ ಮೀನುಗಾರರು ಅದನ್ನು ಕಂಡು ದಡಕ್ಕೆ ತಂದರು.

ಗಟ್ಟಿ ದೋಣಿ ಆಳದ ನೀರಿನಲ್ಲಿ ತಾಳಿಕೊಳ್ಳುತ್ತದೆ ಎಂಬುದು 1979ರ ಆಗಸ್ಟಿನಲ್ಲೂ ಸಾಬೀತಾಯಿತು. ಫಾಸ್ಟ್‌ನೆಟ್ ಎಂಬ ಹಾಯಿದೋಣಿ ಪಂದ್ಯಕ್ಕೆ ಹೊರಟ 303 ದೋಣಿಗಳು ಬೇಸಿಗೆಯ ನಡುವೆ ಎದ್ದ ಬಿರುಗಾಳಿಗೆ ಸಿಕ್ಕವು. ಪಂದ್ಯದಲ್ಲಿದ್ದ 15 ಜನ ಸತ್ತರು. ಇಪ್ಪತ್ತಕ್ಕೂ ಹೆಚ್ಚು ದೋಣಿಗಳನ್ನು ಜನ ಬಿಟ್ಟು ಇಳಿದರು. ಆಮೇಲೆ ನೋಡಿದರೆ ಹಾಗೆ ಬಿಟ್ಟ ದೋಣಿಗಳಲ್ಲಿ ಹೆಚ್ಚಿನವು ತೇಲುತ್ತಲೇ ಇದ್ದವು. ದೋಣಿ ಮುಳುಗುವ ತನಕ ದೋಣಿ ಬಿಡಬಾರದು ಎಂಬುದನ್ನು ಅಂದಿನಿಂದ ಹಾಯಿದೋಣಿಯ ತರಗತಿಗಳಲ್ಲಿ ಕಲಿಸುತ್ತಾರೆ.

ಅಳಿವೆಯ ಮಾತಿಗೆ ಬರುತ್ತೇನೆ. ಇದು ನಮ್ಮ ಕರಾವಳಿಯ ಮಾತೂ ಹೌದು. ಡೆವನ್ ಪ್ರಾಂತದಲ್ಲಿ ಸಾಲ್ಕಂಬ್ ಎಂಬ ಚೆಂದದ ಊರಿದೆ. ಗುಡ್ಡಗಳ ನಡುವೆ ಒಳಕ್ಕೆ ಚಾಚಿದ ಹಿನ್ನೀರು. ಬಾಯಲ್ಲಿ ಅಡ್ಡಕ್ಕೆ ಮರಳಿನ ದಿಬ್ಬ. ಇಳಿತದ ಕೊನೆಗೆ ದಿಬ್ಬದ ಮೇಲೆ ಒಂದು ಮೀಟರ್ ಆಸುಪಾಸು ನೀರು. ನಮ್ಮ ದೋಣಿಗೆ ಬೇಕಾದ್ದು ಒಂದೂವರೆ. ಆದರೆ ಆಳ ಸಾಲದು ಎಂಬುದಷ್ಟೇ ತೊಂದರೆಯಲ್ಲ. ತೆಂಕಣ ಗಾಳಿ ಬೀಸಿ ಹೊರಗಿನಿಂದ ದೊಡ್ಡ ತೆರೆ ಬರುತ್ತಿರುತ್ತದೆ. ಆಳ ಕಡಿಮೆಯಾದಲ್ಲಿ ತೆರೆಯ ಕಾಲು ನೆಲಕ್ಕೆ ತಾಗುತ್ತದೆ, ತಲೆ ಮೇಲೇಳುತ್ತದೆ. ಅದೇ ಹೊತ್ತಿಗೆ ಒಳಗಿನ ಇಳಿತದ ನೀರು ಎದುರಿನಿಂದ ರಭಸವಾಗಿ ಹೊರಹೋಗುತ್ತಿದ್ದರೆ ತೆರೆ ಇನ್ನೂ ಕಡಿದಾಗಿ ಎದ್ದು ದಿಬ್ಬದ ಮೇಲೆಯೇ ಒಡೆಯುತ್ತದೆ. 1916ರ ಅಕ್ಟೋಬರ್ 27ರಂದು ಸಾಲ್ಕಂಬಿನ ರಕ್ಷಣಾ ದೋಣಿ ಒಂದು ಹಡಗಿನವರ ನೆರವಿಗೆ ಹೋಗಿ ಮರಳುತ್ತಿತ್ತು. ಈ ದಿಬ್ಬದ ಮೇಲೆ ಮಗುಚಿತು. ಹದಿನೈದು ಜನರಲ್ಲಿ ಹದಿಮೂರು ಜನ ಸತ್ತರು. ಎಲ್ಲರೂ ಅದೇ ಊರಿನ ಮೀನುಗಾರರು, ದೋಣಿಯವರು, ಸಂಬಳವಿಲ್ಲದ ಸ್ವಯಂಸೇವಕರು. ಈ ರಕ್ಷಣಾ ದೋಣಿಗಳನ್ನು ನಡೆಸುವ ಸಂಸ್ಥೆ 1824ರಲ್ಲಿ ಹುಟ್ಟಿತು. ಇಂದಿಗೂ ಜನರ ದೇಣಿಗೆಯಿಂದಲೇ ನಡೆಯುತ್ತದೆ. ಈವರೆಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜೀವ ಉಳಿಸಿದೆ.

ಗಂಗೊಳ್ಳಿ, ಹೊನ್ನಾವರ, ಮಂಗಳೂರು ಬೆಂಗ್ರೆಯ ಕೇಳುಗರೇ, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳಿವೆ ದಾಟುವ ನೋವು ನಿಮಗೇ ಹೆಚ್ಚು ಗೊತ್ತು. ಸಾಲ್ಕಂಬಿಗೆ ಬರುವ ದೋಣಿಗಳು ಭರತದ ಕೊನೆಯ ಎರಡು ಗಂಟೆಗಾಗಿ ಹೊರಗೇ ಕಾಯುತ್ತವೆ. ಗಾಳಿ ದಡದ ಕಡೆಗೆ ಜೋರಾಗಿದ್ದರೆ ಆ ಊರಿನ ಆಸೆ ಬಿಟ್ಟು ಹಿಂದಿನ ಬಂದರಿಗೇ ತಿರುಗುತ್ತವೆ. ಅಲ್ಲಿಯವರೆಗೆ ಬಂದು ಹಿಂತಿರುಗುವುದು ಸುಲಭವಲ್ಲ. ಊರಿನ ದೀಪ ಕಾಣುತ್ತಿರುತ್ತದೆ, ಹೊಟ್ಟೆ ಹಸಿದಿರುತ್ತದೆ. ಆದರೂ ತಿರುಗುತ್ತಾರೆ. ಯಾರೂ ಅದನ್ನು ಸೋಲು ಎನ್ನುವುದಿಲ್ಲ. ಆ ಜನರ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಹುಟ್ಟಿದ್ದು ಈ ಕಾರಣಕ್ಕೆ.

ನೀರಿನ ಹೊತ್ತು, ಗಾಳಿಯ ಸುದ್ದಿ, ದಡದ ಅಪಾಯ, ಇಷ್ಟಾಯಿತು. ಇನ್ನು ದಿನದ ಕೊನೆಯ ಕೆಲಸ. ಲಂಗರು ಹಾಕುವುದು.

ಸಾಲ್ಕಂಬಿನ ಬಾಯಿಂದ ಸ್ವಲ್ಪ ಹೊರಗೆ, ಬೋಲ್ಟ್ ಹೆಡ್ ಎಂಬ ಬೆಟ್ಟದ ಬುಡದಲ್ಲಿ ಸ್ಟೇರ್‌ಹೋಲ್ ಎಂಬ ಪುಟ್ಟ ಕೊಲ್ಲಿ ಇದೆ. ಪಡುವಣ ಗಾಳಿಗೆ ಬೆಟ್ಟವೇ ಮರೆ. ಅಲ್ಲಿ ಲಂಗರು ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಹಾಯಿ ಇಳಿಸಿ, ಮೂತಿಯನ್ನು ಗಾಳಿಗೆ ತಿರುಗಿಸಿ, ದೋಣಿ ಪೂರ್ತಿ ನಿಂತ ಮೇಲೆ ಲಂಗರು ಬಿಡಬೇಕು. ಸರಪಳಿ ಕಬ್ಬಿಣದ ಗಾಲಿಯ ಮೇಲೆ ಗಡಗಡ ಎಂದು ಓಡುತ್ತದೆ. ಅಡಿ ಮುಟ್ಟಿದೊಡನೆ ಸದ್ದು ಸಡಿಲವಾಗುತ್ತದೆ. ಆಮೇಲೆ ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳಿದಷ್ಟೂ ಸ್ವಲ್ಪ ಸ್ವಲ್ಪವೇ ಸರಪಳಿ ಬಿಡಬೇಕು. ಎಷ್ಟು? ಆಳದ ನಾಲ್ಕು ಪಟ್ಟು. ಲಂಗರು ಬರೀ ತನ್ನ ತೂಕದಿಂದ ದೋಣಿಯನ್ನು ಹಿಡಿಯುವುದಿಲ್ಲ. ಸರಪಳಿ ನೆಲದ ಮೇಲೆ ಮಲಗಿ ಲಂಗರನ್ನು ಅಡ್ಡಕ್ಕೆ ಎಳೆದರೆ ಅದರ ಮೊನೆ ಮರಳಿಗೆ ಇಳಿಯುತ್ತದೆ. ಸರಪಳಿ ಗಿಡ್ಡವಾಗಿ ನೆಟ್ಟಗೆ ನಿಂತರೆ ಲಂಗರು ಕಿತ್ತು ಬರುತ್ತದೆ.

ಇಲ್ಲಿಯೂ ಆಳ ಎಂದರೆ ಯಾವ ಹೊತ್ತಿನ ಆಳ ಎಂದು ಕೇಳಬೇಕು. ಇಳಿತದ ಹೊತ್ತಿಗೆ ಬಂದಿರಿ, ಆಳ ಮೂರೂವರೆ ಮೀಟರ್ ಇದೆ. ನಾಲ್ಕು ಪಟ್ಟು ಎಂದು ಹದಿನಾಲ್ಕು ಮೀಟರ್ ಸರಪಳಿ ಬಿಟ್ಟು ಮಲಗಿದಿರಿ. ರಾತ್ರಿ ಭರತ ನಾಲ್ಕೂವರೆ ಮೀಟರ್ ಏರಿದರೆ ಆಳ ಎಂಟಾಯಿತು. ಬೇಕಾದ್ದು ಮೂವತ್ತೆರಡು ಮೀಟರ್, ಇರುವುದು ಹದಿನಾಲ್ಕು. ಗಾಳಿ ಎದ್ದರೆ ದೋಣಿ ನಿಮ್ಮನ್ನು ಕರೆದುಕೊಂಡು ಬಂಡೆಯ ಕಡೆಗೆ ಹೊರಡುತ್ತದೆ. ಇನ್ನು ಭರತದಲ್ಲಿ ಬಂದು ನಾಲ್ಕೈದು ಮೀಟರ್ ನೀರು ಇದೆಯಲ್ಲ ಎಂದು ದಡಕ್ಕೆ ಹತ್ತಿರ ಲಂಗರು ಹಾಕಿದರೆ, ಇಳಿತದಲ್ಲಿ ಕೀಲ್ ನೆಲಕ್ಕೆ ಕೂತು ದೋಣಿ ಮಗ್ಗುಲಾಗುತ್ತದೆ. ಕೂಡಿಸುವ ಕಳೆಯುವ ಲೆಕ್ಕ ಗೊತ್ತಿದ್ದರೆ ಸಾಕು, ರಾತ್ರಿ ನಿಶ್ಚಿಂತೆಯ ನಿದ್ದೆ.

ಆ ಕೊಲ್ಲಿಯ ತಳದಲ್ಲಿ ಒಂದು ದೊಡ್ಡ ಹಾಯಿಹಡಗಿನ ಅವಶೇಷ ಬಿದ್ದಿದೆ. ಹೆರ್ಜೋಗಿನ್ ಸೆಸಿಲಿ. ನಾಲ್ಕು ಕಂಬದ ಸುಂದರಿ, ಆಸ್ಟ್ರೇಲಿಯಾದಿಂದ ಗೋಧಿ ಹೊತ್ತು ತರುತ್ತಿದ್ದವಳು. ಅರ್ಧ ಭೂಮಿಯನ್ನು ಕ್ಷೇಮವಾಗಿ ದಾಟಿ ಬಂದ ಆ ಹಡಗು 1936ರ ಏಪ್ರಿಲಿನಲ್ಲಿ ಮಂಜಿನ ನಡುವೆ ಹತ್ತಿರದ ಬಂಡೆಗೆ ಬಡಿಯಿತು. ಆಮೇಲೆ ಎಳೆದು ತಂದು ಈ ಕೊಲ್ಲಿಯಲ್ಲಿ ಬಿಟ್ಟರು. ಇಲ್ಲೇ ಒಡೆದುಹೋಯಿತು.

ಇನ್ನು ನಮ್ಮ ಕರಾವಳಿ. ಸುಮಾರು 320 ಕಿಲೋಮೀಟರ್. ನಮ್ಮಲ್ಲಿ ಹಾಯಿಯ ಕಾಲ ಅಕ್ಟೋಬರಿನಿಂದ ಮೇವರೆಗೆ. ಬೇಸಿಗೆಯ ದಿನಗಳಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ತಂಪು ಗಾಳಿ, ಅದಕ್ಕೆ ಹೊರಡಬೇಕು. ಹತ್ತು ಗಂಟೆಯ ಹೊತ್ತಿಗೆ ಗಾಳಿ ಸತ್ತುಹೋಗುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಪತ್ತೆಮಾರಿ, ಮಚ್ವೆಗಳಲ್ಲಿ ಮಂಗಳೂರಿನ ಹಂಚು ಹೇರಿಕೊಂಡು ಮುಂಬಯಿ ದಾರಿ ಹಿಡಿಯುತ್ತಿದ್ದ ನಮ್ಮ ಹಿರಿಯರು ಈ ಗಾಳಿಗಳನ್ನೇ ನಂಬಿ ಬದುಕಿದವರು. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೇರಿಸಿ ಮಡಲು ಹೊದಿಸುತ್ತಿದ್ದರು. ಯಾವ ಸರ್ಕಾರದ ಆದೇಶವೂ ಅವರಿಗೆ ಬೇಕಿರಲಿಲ್ಲ. ಇಂಗ್ಲೆಂಡಿನಲ್ಲಿ ಪುಸ್ತಕ ನೋಡಿ ಲೆಕ್ಕ ಹಾಕುವುದನ್ನು ಅವರು ಚಂದ್ರನನ್ನು ನೋಡಿ ಹೇಳುತ್ತಿದ್ದರು. ಆ ತಿಳಿವಳಿಕೆ ಇರುವ ಮುದುಕರು ನಮ್ಮ ಕಡಲೂರುಗಳಲ್ಲಿ ಈಗಲೂ ಇದ್ದಾರೆ. ಎನ್‌ಸಿಸಿ ನೌಕಾದಳದ ಮಕ್ಕಳಿಗೆ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಾರೆ. ಆ ಮಕ್ಕಳನ್ನು ಈ ಮುದುಕರ ಹತ್ತಿರ ಒಂದು ದಿನ ಕೂರಿಸಿದರೆ ಎಷ್ಟು ಒಳ್ಳೆಯದು.

ನಮಗೂ ಪುಸ್ತಕ ಇದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಭರತ ಇಳಿತದ ಪಟ್ಟಿ ಅಚ್ಚು ಹಾಕುತ್ತದೆ. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ತೆರೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಬಾನುಲಿಯಲ್ಲಿ ಬರುತ್ತದೆ. ಪ್ರತಿ ಬಂದರಿನ ದಕ್ಕೆಯಲ್ಲಿ ಒಂದು ಕರಿಹಲಗೆ ಇಟ್ಟು, ಅವತ್ತಿನ ಭರತದ ಹೊತ್ತು ಮತ್ತು ಗಾಳಿಯ ಬಲವನ್ನು ಕನ್ನಡದಲ್ಲಿ ಬರೆದಿಡಲು ಹೆಚ್ಚು ಹಣ ಬೇಕಾಗಿಲ್ಲ. ಬಂದರು ಅಧಿಕಾರಿಗಳು, ಮೀನುಗಾರರ ಸಂಘಗಳು ದಯವಿಟ್ಟು ಇದನ್ನು ಮಾಡಬೇಕು. ಅಳಿವೆಗಳ ಹೂಳನ್ನು ಮಳೆಗಾಲ ಮುಗಿದೊಡನೆ ಎತ್ತಿಸಬೇಕು.

ಕೊನೆಯದಾಗಿ, ದೋಣಿ ಹತ್ತುವ ಎಲ್ಲರಲ್ಲೂ ಒಂದು ಬಿನ್ನಹ. ಮೀನಿಗೆ ಹೋಗುವವರಿರಲಿ, ಸೇಂಟ್ ಮೇರಿಸ್ ದ್ವೀಪ ನೋಡಲು ಹೋಗುವವರಿರಲಿ, ಜೀವರಕ್ಷಕ ಜಾಕೆಟನ್ನು ಕಾಲಡಿಗೆ ಹಾಕಿ ಕೂರಬೇಡಿ, ಮೈಗೆ ಕಟ್ಟಿಕೊಳ್ಳಿ. ಭರತ ಎಷ್ಟು ಹೊತ್ತಿಗೆ ಎಂದು ದೋಣಿಯವರನ್ನು ಕೇಳಿ. ಇವತ್ತು ಬೇಡ ಎಂದು ಅವರು ಹೇಳಿದರೆ ಒತ್ತಾಯ ಮಾಡಬೇಡಿ. ಹವಾಮಾನ ವಾರ್ತೆ ಪೂರ್ತಿ ಮುಗಿಯುವವರೆಗೆ ರೇಡಿಯೋ ಆರಿಸಬೇಡಿ.